ಗಂಟು

ಕಳೆದ ವರ್ಷ ಮೇ ತಿಂಗಳಲ್ಲಿ ಸ್ನಾನ ಮಾಡುವಾಗ ಎಡಗಡೆ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಕ್ಯಾನ್ಸರ್ ಅಂದರು. ಆಮೇಲಿಂದ ನಮ್ಮನೆಯಲ್ಲಿ ನೂರು ಪುಟದ ಒಂದು ನೋಟ್‌ಬುಕ್ ಓಡಾಡುತ್ತಿದೆ. ಎಡ ಪುಟದಲ್ಲಿ ಹಿಮೋಗ್ಲೋಬಿನ್, ಬಿಳಿ ರಕ್ತಕಣ, ಪ್ಲೇಟ್‌ಲೆಟ್. ಬಲ ಪುಟದಲ್ಲಿ ಕಿಲೋಮೀಟರ್. ಗಣಿತದ ಮೇಷ್ಟ್ರು ನಾನು, ಬರೆದಿಡದೆ ಇರೋಕಾಗಲ್ಲ. ಎಡ ಪುಟ ನನ್ನ ಕೈಯಲ್ಲಿರಲಿಲ್ಲ. ಬಲ ಪುಟ ಒಂಚೂರು ಇತ್ತು.

ಆಪರೇಷನ್‌ಗೆ ಮುಂಚೆ ಇನ್ನೊಬ್ಬರ ಅಭಿಪ್ರಾಯ ಕೇಳೋಣ ಅಂತ ಇಲ್ಲೇ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿದ್ದೆ. ಪಕ್ಕದಲ್ಲಿ ಸಿಂಧನೂರು ಕಡೆಯ ಹೆಂಗಸೊಬ್ಬರು ಮಗನನ್ನು ತೊಡೆ ಮೇಲೆ ಮಲಗಿಸಿಕೊಂಡು ಕೂತಿದ್ದರು. "ಔಷಧದ್ದು ಹೆಂಗರ ಆಗ್ತೈತ್ರಿ ಅಕ್ಕಾರ. ಇರಾದು, ಉಣ್ಣಾದು, ಬಸ್ಸು, ಅದಕ್ಕ ಭಾಳ ಆಗ್ತೈತಿ" ಅಂದರು. ರೇಡಿಯೇಷನ್ ಅಂದರೆ ವಾರಕ್ಕೆ ಐದು ದಿನ, ಎಷ್ಟೋ ವಾರ. ರಾಯಚೂರು ಜಿಲ್ಲೆಯಿಂದ ದಿನಾ ಬಂದು ಹೋಗೋಕಾಗುತ್ತಾ? ನನಗೆ ಇನ್ಶೂರೆನ್ಸ್ ಇತ್ತು, ಬಸವನಗುಡಿಯಲ್ಲಿ ಮನೆ ಇತ್ತು. ಹೊರಗಿನಿಂದ ಬರುವ ಇಂಥವರಿಗೆ ಉಳಿಯೋಕೆ, ಊಟಕ್ಕೆ ನೆರವಾಗುವ ಒಂದು ಸಣ್ಣ ಸಂಸ್ಥೆಯ ಪರಿಚಯ ಗೆಳತಿಯಿಂದ ಆಯಿತು. ನಾನು ನಡೆದ, ಓಡಿದ ಪ್ರತಿ ಕಿಲೋಮೀಟರಿಗೆ ಹತ್ತು ರೂಪಾಯಿ ಕೊಡಿ ಅಂತ ಗೊತ್ತಿರುವವರನ್ನೆಲ್ಲ ಕೇಳಿದೆ. 38 ಜನ ಒಪ್ಪಿದರು. ಎದುರುಮನೆ ಆಂಟಿ ಮಾತ್ರ, "ಓಡದೇ ಇದ್ರೂ ಕೊಡ್ತೀನಿ ಕಣೇ, ಸುಮ್ನೆ ಮಲಕ್ಕೋ" ಅಂದರು.

ಡಾಕ್ಟರು ಬೇಡ ಅನ್ನಲಿಲ್ಲ. ಎದೆಯ ಎಕೋ ನೋಡಿದರು, ಯಾಕೆಂದರೆ ಕೀಮೋದಲ್ಲಿ ನನಗೆ ಕೊಡುವ ಕೆಂಪು ಔಷಧ ಹೃದಯಕ್ಕೆ ಪೆಟ್ಟು ಕೊಡಬಹುದಂತೆ. "ಮಾತಾಡ್ತಾ ಓಡೋಕಾದ್ರೆ ಓಡಿ. ಉಸಿರು ಕಟ್ಟಿದ್ರೆ ನಡೀರಿ. ಜ್ವರ 100.4 ದಾಟಿದ್ರೆ ಲಾಲ್‌ಬಾಗ್ ಅಲ್ಲ, ಸೀದಾ ಎಮರ್ಜೆನ್ಸಿ."

ಡಾಕ್ಸೊರುಬಿಸಿನ್ ಅದರ ಹೆಸರು. ರೂಹ್ ಅಫ್ಜಾ ಬಣ್ಣ. ಮೊದಲ ಸಲ ಮನೆಗೆ ಬಂದು ಬಾತ್‌ರೂಮಿಗೆ ಹೋದರೆ ಮೂತ್ರವೂ ಕೆಂಪು. ನರ್ಸ್ ಮೊದಲೇ ಹೇಳಿದ್ದರೂ ಕಿರುಚಿದೆ. ಆ ವಾರದ ಬಲ ಪುಟದಲ್ಲಿ ಸೊನ್ನೆ, ಸೊನ್ನೆ, ಸೊನ್ನೆ, 0.4, ಸೊನ್ನೆ. ಆ 0.4 ಅಂದರೆ ಬೀದಿ ಕೊನೆಯ ಹಾಲಿನ ಬೂತಿಗೆ ಹೋಗಿ ಬಂದದ್ದು. ಅದಕ್ಕೂ ದುಡ್ಡು ವಸೂಲಿ ಮಾಡಿದೆ, ಬಿಡಲಿಲ್ಲ.

ಆಗಲೇ ವಾಟ್ಸಾಪಲ್ಲಿ ಟೆರ್ರಿ ಫಾಕ್ಸ್ ಬರತೊಡಗಿದ್ದು. 1980ರಲ್ಲಿ ಕೃತಕ ಕಾಲಲ್ಲಿ ಕೆನಡಾ ಉದ್ದಕ್ಕೂ ಓಡಲು ಹೊರಟು ಕ್ಯಾನ್ಸರ್ ಸಂಶೋಧನೆಗೆ ದುಡ್ಡು ಎತ್ತಿದ ಹುಡುಗ. ದಿನಕ್ಕೆ ಒಂದು ಮ್ಯಾರಥಾನ್‌ನಷ್ಟು ದೂರ. ಅವನೆಲ್ಲಿ, ಹಾಲಿನ ಬೂತಿಗೆ ಹೋಗಿ ಏದುಸಿರು ಬಿಡುವ ನಾನೆಲ್ಲಿ ಮಹರಾಯ್ರೇ! ಫಾರ್ವರ್ಡ್ ಮಾಡುವವರು ಒಂದು ವಿಷಯ ಬಿಟ್ಟಿರುತ್ತಾರೆ. 143 ದಿನ, 5,373 ಕಿಲೋಮೀಟರ್ ಆದಮೇಲೆ ಥಂಡರ್ ಬೇ ಊರಿನ ಹತ್ತಿರ ಅವನು ನಿಂತುಬಿಟ್ಟ. ಅವನ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. ಮುಂದಿನ ಜೂನ್‌ನಲ್ಲಿ ಹೋಗಿಬಿಟ್ಟ, 22 ವರ್ಷಕ್ಕೆ. ನನಗೆ ಅವನು ಓಡಿದ್ದಕ್ಕಿಂತ ನಿಂತದ್ದೇ ಜಾಸ್ತಿ ಹತ್ತಿರ ಅನ್ನಿಸಿತು. ಸೊನ್ನೆ ಬರೆಯುವಾಗ ಆಮೇಲೆ ಕೈ ಅಷ್ಟು ಭಾರ ಆಗಲಿಲ್ಲ.

ಕೆಂಪು ಮುಗಿದ ಮೇಲೆ ಪ್ಯಾಕ್ಲಿಟಾಕ್ಸೆಲ್ ಅನ್ನೋ ಇನ್ನೊಂದು ಕೀಮೋ ಔಷಧ, ವಾರಕ್ಕೊಂದರಂತೆ ಹನ್ನೆರಡು. ವಾಂತಿ ಕಮ್ಮಿ, ಆದರೆ ಏಳನೆಯದರ ಹೊತ್ತಿಗೆ ಬೆರಳ ತುದಿಗಳು ಜೋಮು ಹಿಡಿದವು. ಪಾದದ ಕೆಳಗೆ ಯಾರೋ ಗೋಣಿಚೀಲ ಹಾಸಿದ ಹಾಗೆ. ಲಾಲ್‌ಬಾಗ್ ಬಂಡೆ ಹತ್ತುವುದು ಬಿಟ್ಟೆ, ಕೆರೆ ಪಕ್ಕದ ಸಮತಟ್ಟು ದಾರಿಯೇ ಗತಿ. ಶೂ ಲೇಸು ಕಟ್ಟೋಕೆ ಕೂತರೆ ದಾರ ಬೆರಳಲ್ಲಿದೆಯೋ ಜಾರಿತೋ ಗೊತ್ತಾಗದು. ಕಣ್ಣಲ್ಲೇ ನೋಡಿಕೊಂಡು ಕಟ್ಟಬೇಕು. ಒಂದು ದಿನ ಹತ್ತು ನಿಮಿಷ ಒದ್ದಾಡಿ ಅತ್ತುಬಿಟ್ಟೆ. ಪಿಯುಸಿ ಓದುವ ಮಗಳು ಏನೂ ಮಾತಾಡದೆ ಬಂದು ಕೂತು, ಎರಡೂ ಕಾಲಿಗೆ ಡಬಲ್ ಗಂಟು ಹಾಕಿ, "ನಿನ್ನನ್ನ ಸ್ಕೂಲಿಗೆ ಕಳ್ಸೋ ಹಾಗಿದೆ" ಅಂದಳು. ಆವತ್ತಿಂದ ಅದು ಅವಳ ಕೆಲಸ.

ರೇಡಿಯೇಷನ್ ಹದಿನೈದು ಸಲ. ಅದರ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ, ಸುಸ್ತು ಮತ್ತು ಅಲೋವೆರಾ.

ಏಪ್ರಿಲ್ ಕೊನೆಗೆ ವರ್ಲ್ಡ್ 10ಕೆ, ಹತ್ತು ಕಿಲೋಮೀಟರ್ ಓಟ. ಅದು ನಮ್ಮೂರಲ್ಲಿ 2008ರಿಂದ ನಡೆಯುತ್ತಿದೆ, ಹಿಂದೆ ನಾಲ್ಕು ಸಲ ಓಡಿದ್ದೆ. ನನ್ನ ಒಳ್ಳೆಯ ಟೈಮು 1 ಗಂಟೆ 2 ನಿಮಿಷ. ಈ ಸಲ 1 ಗಂಟೆ 34. ತಲೆ ಮೇಲೆ ಬೆರಳುದ್ದವೂ ಇಲ್ಲದ ಗುಂಗುರು ಕೂದಲು, ನನಗೆ ಹಿಂದೆ ಗುಂಗುರೇ ಇರಲಿಲ್ಲ. ಎಂಟನೇ ಕಿಲೋಮೀಟರಲ್ಲಿ ಒಬ್ಬ ಹುಡುಗ "ಕಮಾನ್ ಅಜ್ಜಿ!" ಅಂದ. ನಲವತ್ತೇಳು ಕಣಪ್ಪಾ ನನಗೆ.

ಅಲ್ಲಿಗೆ ಒಟ್ಟು 214 ಕಿಲೋಮೀಟರ್. ಕಿಲೋಮೀಟರಿಗೆ 380 ರೂಪಾಯಿ, ಅಂದರೆ 81,320. ಎದುರುಮನೆ ಆಂಟಿ ಮೇಲೆ ಇನ್ನು 680 ಸೇರಿಸಿ 82 ಸಾವಿರ ಮಾಡಿದರು, ಚಿಲ್ಲರೆ ಯಾಕೆ ಅಂತ.

ಓಟ ಮುಗಿಸಿ ಬಾಗಿಲಿಗೆ ಬಂದೆ. ಮಗಳು ಟ್ಯೂಷನ್‌ಗೆ ಹೋಗಿದ್ದಳು. ಬೆವರಿಗೆ ಲೇಸು ಬಿಗಿದುಕೊಂಡಿತ್ತು, ಡಬಲ್ ಗಂಟು ನನ್ನ ಬೆರಳಿಗೆ ಬಗ್ಗಲಿಲ್ಲ. ಮಡಿ ಅಂದರೆ ಮಡಿ ಅನ್ನುವ ಅಮ್ಮ ದೇವರ ಮನೆಯಿಂದ ಇಣುಕಿ ನನ್ನ ಕಾಲು ನೋಡಿದರು. "ಹಂಗೇ ಬಾ ಒಳಗೆ. ಕಾಫಿ ಆರೋಗತ್ತೆ."