ಜೀಗುಜ್ಜೆ ಕಂಡಲ್ಲೆಲ್ಲ ನಿಂತ ಗಾಡಿ

ಕ್ರೂಸ್ ಹಡಗಿನವರು ಮಾರುವ ಟೂರು ತಲೆಗೆ 110 ಡಾಲರ್. ನಾವು ನಾಲ್ವರು: ನಾನು, ಗಂಡ, ಒಂಬತ್ತು ವರ್ಷದ ಮಗಳು, ಮತ್ತೆ ಅಮ್ಮ. ಒಟ್ಟು 440. ಕೆರಿಬಿಯನ್ ದ್ವೀಪ ಸೇಂಟ್ ಲೂಸಿಯಾದ ಟ್ಯಾಕ್ಸಿಯವರೊಬ್ಬರು ಇಡೀ ಗಾಡಿಗೆ, ಇಡೀ ದಿನಕ್ಕೆ 220 ಅಂತ ವಾಟ್ಸ್ಆ್ಯಪ್‌ನಲ್ಲಿ ಬರೆದಿದ್ದರು. ಲೆಕ್ಕ ಇಷ್ಟು ಸಲೀಸಾಗಿದ್ದರೂ ನನ್ನ ಗಂಡನಿಗೆ ಒಂದು ವಾರ ಸರಿಯಾಗಿ ನಿದ್ದೆ ಬರಲಿಲ್ಲ. ಹಡಗಿನವರದೇ ಬಸ್ಸು ತಡವಾದರೆ ಹಡಗು ಕಾಯುತ್ತದೆ. ನಾವೇ ಹಿಡಿದ ಟ್ಯಾಕ್ಸಿ ತಡವಾದರೆ ಕಾಯುವುದಿಲ್ಲ. ಮುಂದಿನ ದ್ವೀಪಕ್ಕೆ ನಮ್ಮ ಖರ್ಚಿನಲ್ಲೇ ವಿಮಾನ ಹತ್ತಬೇಕು. ಹಡಗುಕಟ್ಟೆಯಲ್ಲಿ ಕೈಚೀಲ ಹಿಡಿದು ಓಡಿ ಬರುವವರನ್ನು ಮೇಲಿನ ಡೆಕ್ಕಿನಿಂದ ನೋಡಿ ನಗುವ ಜನರ ವೀಡಿಯೊಗಳನ್ನು ಅವನು ಒಂದೊಂದಾಗಿ ನನಗೆ ಕಳಿಸಿದ.

ಹಾಗಾದರೆ ಬಾಡಿಗೆ ಕಾರು ತಗೊಂಡು ನಾನೇ ಓಡಿಸ್ತೇನೆ ಅಂದ. ಅಲ್ಲಿ ಎಡಗಡೆ ಓಡಿಸಬೇಕು, ಹೊರಗಿನವರು ಸ್ಥಳೀಯ ಪರ್ಮಿಟ್ ಮಾಡಿಸಬೇಕು, ರಾಜಧಾನಿ ಕಾಸ್ಟ್ರೀಸ್‌ನಿಂದ ದಕ್ಷಿಣದ ಸೂಫ್ರಿಯೇರ್‌ಗೆ ಹೋಗುವ ರಸ್ತೆ ಅಂದರೆ ಆಗುಂಬೆ ಘಾಟಿಯನ್ನು ಎಳೆದು ಉದ್ದ ಮಾಡಿದ ಹಾಗೆ. ಹದಿನೈದು ವರ್ಷ ಬಲಗಡೆ ಓಡಿಸಿ ರೂಢಿಯಾದವನ ಪಕ್ಕ ಅಂಥ ತಿರುವುಗಳಲ್ಲಿ ಕೂರಲು ನಾನು ತಯಾರಿರಲಿಲ್ಲ. ಅಮ್ಮನಂತೂ, "ನೀನು ಓಡಿಸುದಾದ್ರೆ ನಾನು ಹಡಗಲ್ಲೇ ಇರ್ತೇನೆ ಮಾರಾಯ" ಅಂದುಬಿಟ್ಟರು.

ಮಾತುಕತೆ ಸುಮಾರು ಹತ್ತು ದಿನ ನಡೆಯಿತು. ಅಲ್ಲಿಯ ಟ್ಯಾಕ್ಸಿಗಳಿಗೆ ಮೀಟರ್ ಇಲ್ಲ, ಎಲ್ಲ ಮೊದಲೇ ಮಾತಾಡಿಕೊಳ್ಳಬೇಕು. ನಾನೂ ಬಿಡದೆ ಕೇಳಿದೆ. 220 ಅಮೆರಿಕದ ಡಾಲರೋ ಅಲ್ಲಿಯ ಡಾಲರೋ? ತಲೆಗೋ ಗಾಡಿಗೋ? ಪ್ರವೇಶ ಶುಲ್ಕ ಅದರಲ್ಲೇ ಬಂತೋ? ಶುಲ್ಕ ಬೇರೆ, ಊಟ ಬೇರೆ, ಅಡ್ವಾನ್ಸ್ ಬೇಡ ಅಂತ ಉತ್ತರ ಬಂತು. ಅಮ್ಮನ ಮೊಣಕಾಲು ನೋವಿನ ಬಗ್ಗೆ ಬರೆದೆ. ಮೀನು ಬೇಡ, ಕೋಳಿ ಬೇಡ, ಮೊಟ್ಟೆಯೂ ಬೇಡ ಅಂತ ಮೂರು ಮೆಸೇಜು ಬರೆದೆ. ಒಂಬತ್ತು ಗಂಟೆಗೆ ಗೇಟಿನ ಹೊರಗೆ ಬನ್ನಿ ಅಂದೆ.

ಇಷ್ಟೆಲ್ಲ ಮಾಡಿದವಳು ಎಡವಿದ್ದು ಗಡಿಯಾರದಲ್ಲಿ. ನಮ್ಮ ಹಡಗು ಕೊನೆಯವರೆಗೂ ಮಯಾಮಿಯ ಗಂಟೆಯಲ್ಲೇ ನಡೆಯುತ್ತಿತ್ತು. ಜನವರಿಯಲ್ಲಿ ಸೇಂಟ್ ಲೂಸಿಯಾ ಮಯಾಮಿಗಿಂತ ಒಂದು ಗಂಟೆ ಮುಂದೆ. ನಾನು ಹೇಳಿದ ಒಂಬತ್ತು ಹಡಗಿನ ಒಂಬತ್ತು, ಅವರು ಕೇಳಿಸಿಕೊಂಡದ್ದು ಊರಿನ ಒಂಬತ್ತು. ನಾವು ಜಂಬದಿಂದ ಸರಿಯಾದ ಸಮಯಕ್ಕೆ ಇಳಿದು ಬಂದಾಗ, ನನ್ನ ಹೆಸರು ಬರೆದ ರಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಒಬ್ಬರು ಒಂದು ಗಂಟೆಯಿಂದ ನಿಂತಿದ್ದರು. ಅದೂ ನಾನು ಮಾತಾಡಿದ ಮನುಷ್ಯ ಅಲ್ಲ. ಅವರಿಗೆ ಬೇರೆ ಬಾಡಿಗೆ ಬಂತಂತೆ, ಇವರು ಕಸಿನ್ ಅಂತೆ. ಆ ದ್ವೀಪದಲ್ಲಿ ಎಲ್ಲರೂ ಎಲ್ಲರಿಗೂ ಕಸಿನ್ ಅಂತ ಆಮೇಲೆ ಗೊತ್ತಾಯಿತು.

ನನಗೆ ಒಳಗೊಳಗೇ ಸಿಟ್ಟು. ಹತ್ತು ದಿನದ ಮೆಸೇಜು ನೀರಿಗೆ ಹೋಯಿತಲ್ಲ! ಗಾಡಿಯ ನಂಬರ್ ಪ್ಲೇಟು ನೋಡಿದೆ. ಪರವಾನಗಿ ಇರುವ ಟ್ಯಾಕ್ಸಿಗೆ ಅಲ್ಲಿ ಟಿಎಕ್ಸ್ ಅಂತ ಶುರುವಾಗುತ್ತದೆ, ಇತ್ತು. ದರ, ಶುಲ್ಕ, ವಾಪಸು ಬರುವ ಸಮಯ ಎಲ್ಲ ಮತ್ತೊಮ್ಮೆ ಬಾಯಿಬಿಟ್ಟು ಹೇಳಿದೆ. ಸಮಯ ಮಾತ್ರ ಎರಡೆರಡು ಸಲ: ಹಡಗಿನ ನಾಲ್ಕೂವರೆ, ನಿಮ್ಮ ಐದೂವರೆ. ಐವತ್ತೈದರ ಆಸುಪಾಸಿನ, ತೆಳ್ಳಗಿನ, ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ. ಎಲ್ಲಕ್ಕೂ ತಲೆಯಾಡಿಸಿ ಕೊನೆಗೆ, "ಮಮ್ಮಿ ಮುಂದೆ ಕೂರಲಿ, ಕಾಲು ಚಾಚಲು ಜಾಗ ಇದೆ" ಅಂದರು. ಮೊಣಕಾಲಿನ ವಿಷಯ ಕಸಿನ್ ದಾಟಿಸಿದ್ದರು ಅಂತಾಯ್ತು.

ನನ್ನ ಹತ್ತಿರ ಒಂದು ಪಟ್ಟಿ ಇತ್ತು. ಎಂಟು ಜಾಗ, ಪ್ರತಿಯೊಂದಕ್ಕೂ ನಿಮಿಷದ ಲೆಕ್ಕ. ಅವರು ಅದನ್ನು ಪೂರ್ತಿ ಓದಿ, ಮಡಚಿ, ಸನ್‌ಶೇಡಿನ ಸಂದಿಯಲ್ಲಿ ಸಿಕ್ಕಿಸಿದರು. ಸಂಜೆವರೆಗೂ ಅದು ಅಲ್ಲೇ ಇತ್ತು.

ಮೋರ್ನ್ ಫಾರ್ಚೂನ್ ಗುಡ್ಡ ಹತ್ತುವಾಗ ಕೆಳಗೆ ಬಂದರು, ನಮ್ಮ ಹಡಗು, ಕೆಂಪು ತಗಡಿನ ಮಾಡುಗಳು. ಗುಡ್ಡದ ಮೇಲಿನ ಕಾಲೇಜಿಗೆ ಆರ್ಥರ್ ಲೂಯಿಸ್ ಹೆಸರು. 1979ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು, ಅವರ ಸಮಾಧಿಯೂ ಅಲ್ಲೇ. ಡ್ರೈವರ್ ಒಂದು ನೂರರ ನೋಟು ತೆಗೆದು ಮಗಳಿಗೆ ಲೂಯಿಸ್ ಮುಖ ತೋರಿಸಿದರು. ಕವಿ ಡೆರೆಕ್ ವಾಲ್ಕಾಟ್‌ಗೆ 1992ರಲ್ಲಿ ಸಾಹಿತ್ಯದ ನೊಬೆಲ್. ಸುಮಾರು ಒಂದು ಲಕ್ಷದ ಎಂಬತ್ತು ಸಾವಿರ ಜನರ ದ್ವೀಪಕ್ಕೆ ಎರಡು ನೊಬೆಲ್. ಇಬ್ಬರೂ ಹುಟ್ಟಿದ್ದು ಜನವರಿ 23ಕ್ಕೆ. "ಮೂರನೆಯವರು?" ಅಂತ ಮಗಳು ಕೇಳಿದಳು. "ಮೂರನೆಯದು ಓಟದಲ್ಲಿ ಬಂತು" ಅಂದರು. 2024ರ ಪ್ಯಾರಿಸ್ ಒಲಿಂಪಿಕ್ಸಿನ 100 ಮೀಟರ್, ಜೂಲಿಯನ್ ಆಲ್ಫ್ರೆಡ್, 10.72 ಸೆಕೆಂಡು. ದೇಶಕ್ಕೆ ಸಿಕ್ಕಿದ ಮೊದಲ ಒಲಿಂಪಿಕ್ ಪದಕವೇ ಚಿನ್ನ. ಹೇಳುವಾಗ ಸ್ಟಿಯರಿಂಗಿನಿಂದ ಎರಡೂ ಕೈ ಬಿಟ್ಟರು, ಗಂಡ ಕಣ್ಣು ಮುಚ್ಚಿಕೊಂಡ.

ಗಂಡನನ್ನು ಗೆದ್ದದ್ದು ಕ್ರಿಕೆಟ್. ದ್ವೀಪದ ಉತ್ತರಕ್ಕೆ ಗ್ರೋಸ್ ಐಲೆಯಲ್ಲಿ ಡ್ಯಾರೆನ್ ಸಾಮಿ ಹೆಸರಿನ ಮೈದಾನ ಇದೆ. 2024ರ ಟಿ20 ವಿಶ್ವಕಪ್‌ನಲ್ಲಿ ರೋಹಿತ್ ಶರ್ಮಾ ಆಸ್ಟ್ರೇಲಿಯಾಕ್ಕೆ 41 ಎಸೆತಗಳಲ್ಲಿ 92 ಹೊಡೆದದ್ದು ಅಲ್ಲೇ. ಆ ದಿನ ಇವರು ನೀಲಿ ಅಂಗಿಯ ಆರು ಜನರನ್ನು ಮೈದಾನಕ್ಕೆ ಬಿಟ್ಟು, ಮಳೆ ಬಂದರೆ ಬಾಡಿಗೆ ಕೊಡುತ್ತಾರೋ ಇಲ್ಲವೋ ಅಂತ ಹೊರಗೆ ಕಾದಿದ್ದರಂತೆ. ಅಲ್ಲಿಂದ ಮುಂದೆ ಹಡಗಿನ ಸಮಯದ ಮಾತು ಗಂಡನ ಬಾಯಲ್ಲಿ ಬರಲಿಲ್ಲ.

ಆದರೆ ಆ ದಿನ ನಿಜವಾಗಿ ನಡೆದದ್ದು ಮುಂದಿನ ಎರಡು ಸೀಟುಗಳ ನಡುವೆ. ನಮ್ಮಮ್ಮನಿಗೆ ಇಂಗ್ಲಿಷು ಅರ್ಥವಾಗುತ್ತದೆ, ಮಾತಾಡುವುದಿಲ್ಲ. ಪುತ್ತೂರಿನ ಹತ್ತಿರ ತೋಟ. ಅಡಿಕೆ, ಬಾಳೆ, ಕೊಕ್ಕೊ ಬಿಟ್ಟು ಬೇರೆ ವಿಷಯದಲ್ಲಿ ಆಸಕ್ತಿ ಕಮ್ಮಿ. ಐದು ದಿನದಿಂದ ಹಡಗಿನಲ್ಲಿ ಸಮುದ್ರ ನೋಡಿ ನೋಡಿ ಬೇಜಾರಾಗಿ, "ಎಂತ ಉಂಟು ಇದರಲ್ಲಿ, ಬರೀ ನೀರು" ಅಂತಿದ್ದವರು ಗುಡ್ಡ ಇಳಿದು ಕಣಿವೆಗೆ ಬರುತ್ತಿದ್ದ ಹಾಗೆ ಸೀಟಿನ ತುದಿಗೆ ಬಂದರು.

"ಜೀಗುಜ್ಜೆ! ಅಗೋ, ಜೀಗುಜ್ಜೆ ಮರ! ನಿಲ್ಲಿಸ್ಲಿಕ್ಕೆ ಹೇಳು."

ನಾನು ಹೇಳುವ ಮೊದಲೇ ಗಾಡಿ ನಿಂತಿತ್ತು. ಅವರು ಬ್ರೆಡ್‌ಫ್ರೂಟ್ ಅಂದರು, ಅಮ್ಮ ಜೀಗುಜ್ಜೆ ಅಂದರು. ಹಿಂದೆ ಬಂದ ಮಿನಿಬಸ್ಸು ಹಾರ್ನ್ ಹಾಕಿತು. ಇವರು ಕಿಟಕಿಯಿಂದ ಕೈ ಹೊರಗೆ ಹಾಕಿ ಅಲ್ಲಿಯವರ ಕ್ರಿಯೋಲ್ ಭಾಷೆಯಲ್ಲಿ ಏನೋ ಅಂದರು, ಅವನೂ ನಕ್ಕು ಹೋದ. ಆ ಮರದ ಮೂಲ ಪೆಸಿಫಿಕ್ ದ್ವೀಪಗಳು. ತೋಟಗಳ ಗುಲಾಮರಿಗೆ ಅಗ್ಗದ ಹೊಟ್ಟೆಪಾಡಿಗೆ ಅಂತ ಕ್ಯಾಪ್ಟನ್ ಬ್ಲೈ 1793ರಲ್ಲಿ ಸಸಿಗಳನ್ನು ಹಡಗಿನಲ್ಲಿ ಕೆರಿಬಿಯನ್‌ಗೆ ತಂದ. ಡ್ರೈವರ್ ಮನೆಯಲ್ಲಿ ಅದನ್ನು ಇಡಿಯಾಗಿ ಕೆಂಡದಲ್ಲಿ ಸುಡುತ್ತಾರಂತೆ, ಸಿಪ್ಪೆ ಕರಿಕಲಾಗುವವರೆಗೆ. ಅಮ್ಮ ಪೋಡಿ ಮಾಡುವ ಕ್ರಮವನ್ನು ಕೈಯಲ್ಲೇ ತೋರಿಸಿದರು: ತೆಳ್ಳಗೆ ಹೆಚ್ಚುವುದು, ಹಿಟ್ಟಿನಲ್ಲಿ ಅದ್ದುವುದು, ಎಣ್ಣೆಗೆ ಬಿಡುವುದು. ಅವರು ಎಲ್ಲಕ್ಕೂ "ಯೆಸ್, ಮಮ್ಮಿ" ಅಂದರು. ಎಷ್ಟು ಅರ್ಥವಾಯಿತೋ ದೇವರೇ ಬಲ್ಲ.

ರೋಸೋ ಕಣಿವೆಯಲ್ಲಿ ಬಾಳೆ ತೋಟ. ಒಂದೊಂದು ಗೊನೆಗೂ ನೀಲಿ ಪ್ಲಾಸ್ಟಿಕ್ ಚೀಲ. ಯಾಕೆ ಅಂತ ಅಮ್ಮನ ಪ್ರಶ್ನೆ. ಹುಳ ಕೂರಬಾರದು, ಎಲೆ ಉಜ್ಜಿ ಸಿಪ್ಪೆಯಲ್ಲಿ ಗೀರು ಬೀಳಬಾರದು. ಇಂಗ್ಲೆಂಡಿನ ಅಂಗಡಿಯಲ್ಲಿ ಗೀರು ಬಿದ್ದ ಹಣ್ಣು ಯಾರೂ ಮುಟ್ಟುವುದಿಲ್ಲ. ಈ ದ್ವೀಪದ ಬಾಳೆಗೆ ಬ್ರಿಟನ್ನಿನಲ್ಲಿ ಸುಂಕದ ರಕ್ಷಣೆ ಇದ್ದ ಕಾಲದಲ್ಲಿ ಇವರ ಅಪ್ಪನಿಗೂ ಮೂರು ಎಕರೆ ಬಾಳೆ ಇತ್ತಂತೆ. ಆ ವ್ಯವಸ್ಥೆ ತಪ್ಪು ಅಂತ ಅಮೆರಿಕ ಮತ್ತು ಲ್ಯಾಟಿನ್ ಅಮೆರಿಕದ ದೇಶಗಳು ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದೂರು ಕೊಟ್ಟು 1997ರಲ್ಲಿ ಗೆದ್ದವು. "ಅಮೆರಿಕದವರು ಹೊರಗೆ ಕಳಿಸುವಷ್ಟು ಬಾಳೆ ಬೆಳೆಯುವುದೇ ಇಲ್ಲ, ಕೇಸು ಹಾಕಿದ್ದು ಮಾತ್ರ ಅವರೇ" ಅಂದರು. ತೋಟ ನಡೆಯಲಿಲ್ಲ, ಇವರು ಗಾಡಿ ತಗೊಂಡರು. ನಾನು ಇದನ್ನು ಕನ್ನಡದಲ್ಲಿ ಹೇಳಿದ ಮೇಲೆ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಕರೆಗೆ ಎಷ್ಟು ಬುಡ ಹಾಕ್ತಿದ್ರು ಕೇಳು" ಅಂದರು.

ಆನ್ಸ್ ಲಾ ರೇ, ಕೆನರೀಸ್ ಅಂತ ಮೀನುಗಾರರ ಹಳ್ಳಿಗಳು ಬಂದು ಹೋದವು. ಎದುರಿನಿಂದ ಹಡಗಿನವರ ದೊಡ್ಡ ಬಸ್ಸೊಂದು ಬಂತು, ಎಲ್ಲ ಕಿಟಕಿಯಲ್ಲೂ ಫೋನು. ಆಮೇಲೆ ಒಂದು ತಿರುವಿನಲ್ಲಿ ಏಕಾಏಕಿ ಸೂಫ್ರಿಯೇರ್ ಊರು, ಕೊಲ್ಲಿ, ಅದರಾಚೆ ಪಿಟನ್ ಶಿಖರಗಳು. ದೊಡ್ಡದು 770 ಮೀಟರ್, ಚಿಕ್ಕದು 743; 2004ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ. ಫೋಟೋದಲ್ಲಿ ನೂರು ಸಲ ನೋಡಿದ್ದೆ. ಅಮ್ಮ, "ಗಡಾಯಿಕಲ್ಲನ್ನು ಎರಡು ಮಾಡಿ ಸಮುದ್ರದ ಬದಿಗೆ ನಿಲ್ಲಿಸಿದ ಹಾಗುಂಟು" ಅಂದರು. ಇದಕ್ಕಿಂತ ಚೆನ್ನಾಗಿ ನನಗೆ ಬರೆಯಲು ಬರುವುದಿಲ್ಲ. ಅವರು ಶಿಖರ ನೋಡಿದ್ದು ಎರಡು ನಿಮಿಷ. ಪಕ್ಕದಲ್ಲೇ ಕೊಕ್ಕೊ ಗಿಡ ಇತ್ತು.

ಡ್ರೈವರ್ ಆ ತೋಟದವನನ್ನು ಕೂಗಿ ಕೇಳಿ ಒಂದು ಕಾಯಿ ಕಿತ್ತು, ಕಲ್ಲಿಗೆ ಕುಟ್ಟಿ ಒಡೆದರು. ಬಿಳಿ ಲೋಳೆಯೊಳಗಿನ ಬೀಜವನ್ನು ಮಗಳ ಬಾಯಿಗೆ ಹಾಕಿ, "ಕಡಿಯಬೇಡ, ಚೀಪು" ಅಂತ ಹೇಳುವಷ್ಟರಲ್ಲಿ ಅಮ್ಮ ನಾಲ್ಕು ಬೀಜ ಚೀಪಿ ಉಗುಳಿ ಆಗಿತ್ತು. ಅವರು ಅಮ್ಮನನ್ನು ಬೆರಗಿನಿಂದ ನೋಡಿದರು. ನಮ್ಮಲ್ಲೂ ಇದೆ, ಕ್ಯಾಂಪ್ಕೊದವರು ಖರೀದಿಸುತ್ತಾರೆ, ಅಳಿಲಿನ ಕಾಟ ಅಂತ ನಾನು ಅನುವಾದ ಮಾಡಿದೆ. ಇಲ್ಲಿ ಇಲಿಯ ಕಾಟ ಅಂದರು ಅವರು. ಆ ರಸ್ತೆಬದಿಯಲ್ಲಿ ಇಪ್ಪತ್ತೈದು ನಿಮಿಷ ಹೋಯಿತು. ನನ್ನ ಪಟ್ಟಿಯಲ್ಲಿ ಆ ಜಾಗಕ್ಕೆ ಹೆಸರೇ ಇಲ್ಲ.

ಊಟದ ವಿಷಯ. ಮೂರು ಮೆಸೇಜಿನಲ್ಲಿ ನಾನು ವಿವರಿಸಿದ್ದನ್ನು ಕೇಳಿ ಅವರು, "ಓ, ಐಟಲ್" ಅಂದರು, ಅಷ್ಟೇ. ರಾಸ್ತಾ ಪಂಥದವರ ಶುದ್ಧ ಅಡುಗೆಗೆ ಆ ಹೆಸರು. ಮಾಂಸ ಇಲ್ಲ, ಕಟ್ಟಾ ಪಾಲಿಸುವವರು ಉಪ್ಪೂ ಹಾಕುವುದಿಲ್ಲ. ಸೂಫ್ರಿಯೇರ್‌ನ ಒಂದು ಗಲ್ಲಿಯಲ್ಲಿ ಮೂರು ಬೆಂಚಿನ ಅಡುಗೆಮನೆ. ಬೇಯಿಸಿದ ಬಾಳೆಕಾಯಿ, ಬೇಳೆ, ಕುಂಬಳಕಾಯಿ, ತೆಂಗಿನ ಹಾಲು ಹಾಕಿದ ಸೊಪ್ಪು. ಬಾಳೆಕಾಯಿಗೆ ಅಲ್ಲಿ 'ಗ್ರೀನ್ ಫಿಗ್' ಅನ್ನುತ್ತಾರೆ. ಅದನ್ನು ಉಪ್ಪುಮೀನಿನ ಜೊತೆ ತಿನ್ನುವುದೇ ರಾಷ್ಟ್ರೀಯ ಖಾದ್ಯ. ಅಮ್ಮನ ತಕರಾರು ಒಂದೇ, ಒಗ್ಗರಣೆ ಇಲ್ಲ. ತಟ್ಟೆ ಮಾತ್ರ ಖಾಲಿ.

ಊರಿನ ಮೇಲ್ಗಡೆ ಸಲ್ಫರ್ ಸ್ಪ್ರಿಂಗ್ಸ್. ಜ್ವಾಲಾಮುಖಿಯ ಹತ್ತಿರದವರೆಗೆ ಗಾಡಿ ಹೋಗುತ್ತದೆ ಅನ್ನುವುದೇ ಅವರ ಜಾಹೀರಾತು. ಬೂದು ಬಣ್ಣದ ಕೆಸರು ಕೊತಕೊತ ಕುದಿಯುತ್ತಿರುತ್ತದೆ, ಕೊಳೆತ ಮೊಟ್ಟೆಯ ವಾಸನೆ. ಕುದಿಯುವ ಜಾಗವನ್ನು ಕಟಕಟೆಯ ಆಚೆಯಿಂದ ನೋಡಬೇಕು. ಕೆಳಗೆ, ನೀರು ತಣಿದ ಕಡೆ, ಮೈಗೆ ಕೆಸರು ಹಚ್ಚಿಕೊಂಡು ಮೀಯಬಹುದು. ಇಳಿಯುವ ಮೊದಲು ಡ್ರೈವರ್ ಎಚ್ಚರಿಸಿದರು: ಬೆಳ್ಳಿ ಇದ್ದರೆ ತೆಗೆದಿಡಿ, ಕಪ್ಪಾಗುತ್ತದೆ. ನಾನು ಓಲೆ ತೆಗೆದೆ. ಅಮ್ಮನ ಎರಡೂ ಕಾಲಲ್ಲಿ ಬೆಳ್ಳಿ ಕಾಲುಂಗುರ. "ಅದನ್ನೆಲ್ಲ ತೆಗೀಲಿಕ್ಕಿಲ್ಲ" ಅಂತ ಹಾಗೇ ಇಳಿದು, ಮೊಣಕಾಲಿಗೆ ದಪ್ಪಗೆ ಕೆಸರು ಮೆತ್ತಿಕೊಂಡು ಕೂತರು. ಮೇಲೆ ಬಂದಾಗ ಕಾಲುಂಗುರ ಕಾವಲಿಯ ತಳದ ಹಾಗೆ ಕಪ್ಪು.

ವಾಪಸು ಬರುವಾಗ ರಸ್ತೆಬದಿಯ ಒಂದು ಮೇಜಿನ ಮೇಲೆ ಹುಣಸೆ ಉಂಡೆ ಕಂಡಿತು, ಸಕ್ಕರೆಯಲ್ಲಿ ಹೊರಳಿಸಿದ್ದು. "ಫೈವ್ ಡಾಲರ್" ಅಂದಳು ಮಾರುವವಳು. ನಾನು ಅಮೆರಿಕದ ಐದರ ನೋಟು ಚಾಚಿ ಗಾಡಿಯತ್ತ ಹೊರಟೆ. ಡ್ರೈವರ್ ಕರೆದು ನಿಲ್ಲಿಸಿದರು. ಅವಳು ಕೇಳಿದ್ದು ಈಸ್ಟ್ ಕೆರಿಬಿಯನ್ ಡಾಲರ್. ಅಮೆರಿಕದ ಒಂದಕ್ಕೆ ಅವರದು 2.70, ಆ ದರ 1976ರಿಂದ ಕದಲಿಲ್ಲ. ಎಂಟೂವರೆ ವಾಪಸು ಬಂತು. 220ಕ್ಕೆ ಯಾವ ಡಾಲರ್ ಅಂತ ಅಷ್ಟು ಬುದ್ಧಿವಂತಿಕೆಯಿಂದ ಕೇಳಿದವಳಿಗೆ ಐದಕ್ಕೆ ಕೇಳಬೇಕು ಅನ್ನಿಸಿರಲಿಲ್ಲ.

ಗೇಟಿಗೆ ಬಂದಾಗ ಹಡಗಿನ ಗಂಟೆ ಮೂರು ಮುಕ್ಕಾಲು. 220ರ ಮೇಲೆ 40 ಕೊಟ್ಟೆ, ಬೆಳಿಗ್ಗೆ ಕಾಯಿಸಿದ ಒಂದು ಗಂಟೆಯ ಲೆಕ್ಕವೂ ಅದರಲ್ಲಿತ್ತು. ಅವರು ಎಣಿಸದೆ ಜೇಬಿಗೆ ಹಾಕಿ, ಸನ್‌ಶೇಡಿನ ಸಂದಿಯಿಂದ ನನ್ನ ಪಟ್ಟಿ ತೆಗೆದು ಮರ್ಯಾದೆಯಿಂದ ವಾಪಸು ಕೊಟ್ಟರು. ಎಂಟರಲ್ಲಿ ನೋಡಿದ್ದು ಮೂರು. ಅಮ್ಮ, ಅವರಿಂದಲೇ ಕಲಿತ ಕ್ರಿಯೋಲ್‌ನ ಧನ್ಯವಾದ, "ಮೆಸಿ" ಅಂದರು, ಕೈ ಮುಗಿದರು.

ಆ ರಾತ್ರಿ ಹಡಗಿನ ಕೋಣೆಯ ಬಚ್ಚಲಲ್ಲಿ ತುಂಬ ಹೊತ್ತು ದೀಪ ಉರಿಯುತ್ತಿತ್ತು. ಇಣುಕಿದರೆ ಅಮ್ಮ ಕಮೋಡಿನ ಮುಚ್ಚಳದ ಮೇಲೆ ಕೂತು, ಸಕ್ಕರೆ ತೊಳೆದು ಹೋದ ಹುಣಸೆ ಉಂಡೆಯಿಂದ ಕಾಲುಂಗುರ ಉಜ್ಜುತ್ತಿದ್ದರು. "ಬೀಜ ತೆಗೀದೆ ಉಂಡೆ ಕಟ್ಟಿದ್ದಾರೆ, ಸೋಮಾರಿಗಳು" ಅಂದರು. ಹೊರಮೈ ಬೆಳ್ಳಗಾಗಿತ್ತು. ಕೆತ್ತನೆಯ ಗೆರೆಗಳಲ್ಲಿ ಕಪ್ಪು ಹಾಗೇ ಉಳಿದಿತ್ತು.