ಗುಮ್ಮಟದ ಎದುರಿನ ಮ್ಯೂಸಿಯಂ

ವಿಜಯಪುರಕ್ಕೆ ಬಂದವರೆಲ್ಲ ಗೋಳಗುಮ್ಮಟ ಹತ್ತಿ ಕೂಗಿ ಇಳಿಯುತ್ತಾರೆ. ಕೂಗಲಿ ಬಿಡಿ, ಅದೂ ಒಂದು ಮಜಾನೇ. ಆದರೆ ಎದುರಿಗೇ ಇರುವ ನಗಾರಖಾನೆಯ (ಹಿಂದೆ ನಗಾರಿ ಬಾರಿಸುತ್ತಿದ್ದ ಕಟ್ಟಡ) ಮ್ಯೂಸಿಯಂನಲ್ಲಿ ಇವತ್ತು ನಮ್ಮನ್ನು ಬಿಟ್ಟರೆ ಒಂದು ನರಪಿಳ್ಳೆ ಇರಲಿಲ್ಲ. ಚೀನಾದ ಪಿಂಗಾಣಿ, ರತ್ನಗಂಬಳಿ, ಶಾಸನದ ಕಲ್ಲು ಎಲ್ಲ ಅವುಗಳ ಪಾಡಿಗೆ ಸುಮ್ನೆ ಇವೆ.

ಅಲ್ಲಿಂದ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದದ್ದು. ತೋಪಿನ ಬಾಯಿ ಹತ್ತಿರ ಹೋಗಿ ನೋಡಬೇಕು. ಸಿಂಹ ಬಾಯಿ ತೆರೆದಿದೆ, ಹಲ್ಲುಗಳ ನಡುವೆ ಪುಟ್ಟ ಆನೆ ಸಿಕ್ಕಿಕೊಂಡಿದೆ. ಗುಂಡು ತಿಂದು ಸಾಯುವವನಿಗೆ ಈ ಕುಸುರಿ ಎಲ್ಲಿ ಕಾಣಬೇಕು? ಆದರೂ ಮಾಡಿದ್ದಾರಲ್ಲ, ಅದೇ ಆಶ್ಚರ್ಯ.

ಅರ್ಧಕ್ಕೇ ನಿಂತ ಗೋರಿ ಬಾರಾ ಕಮಾನ್ ಸಂಜೆಗೆ ಚೆಂದ. ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್ ಶಾಹನ ಗೋರಿ ಇರುವ ಇಬ್ರಾಹಿಂ ರೋಜಾಕ್ಕೆ ಮಾತ್ರ ಜಾಸ್ತಿ ಹೊತ್ತು ಇಟ್ಟುಕೊಳ್ಳಿ.