ಮ್ಯಾಕ್‌ಬೆತ್‌ಗೆ ಯಾವ ವೇಷ ಕಟ್ಟುವುದು?

“ಶೇಕ್ಸ್‌ಪಿಯರ್ ನಾಟಕವನ್ನು ಯಕ್ಷಗಾನಕ್ಕೆ ತಂದರೆ ಎರಡೂ ಕೆಡುವುದಿಲ್ವಾ?” ನಾನು ಯಕ್ಷಗಾನದ ಬಗ್ಗೆ ಬರೆಯುವುದರಿಂದ ಈ ಪ್ರಶ್ನೆ ಪದೇ ಪದೇ ಬರುತ್ತದೆ. ರಾತ್ರಿಯಿಡೀ ಆಟ ನೋಡಿ ಬೆಳೆದ ಹಿರಿಯರೂ ಕೇಳುತ್ತಾರೆ, ಇಂಗ್ಲಿಷ್ ಪಾಠ ಮಾಡುವ ಮೇಷ್ಟ್ರುಗಳೂ ಕೇಳುತ್ತಾರೆ. ಇಬ್ಬರ ಆತಂಕವೂ ನನಗೆ ಅರ್ಥವಾಗುತ್ತದೆ. ಆದರೂ ತರಬಹುದು ಅಂತಲೇ ನನ್ನ ಉತ್ತರ. ಮ್ಯಾಕ್‌ಬೆತ್ ಆದರೆ ತರಲೇಬೇಕು.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಮ್ಯಾಕ್‌ಬೆತ್ ಸ್ಕಾಟ್‌ಲೆಂಡಿನ ದಳಪತಿ. ನೀನು ರಾಜನಾಗುತ್ತೀಯ ಅಂತ ಮೂವರು ಮಾಟಗಾತಿಯರು ಹೇಳುತ್ತಾರೆ. ಹೆಂಡತಿಯ ಒತ್ತಾಯವೂ ಸೇರಿ, ಮನೆಗೆ ಅತಿಥಿಯಾಗಿ ಬಂದ ರಾಜ ಡಂಕನ್‌ನನ್ನು ಮಲಗಿದಲ್ಲೇ ಕೊಲ್ಲುತ್ತಾನೆ. ಅಲ್ಲಿಗೆ ಅವನ ನಿದ್ದೆ ಮುಗಿಯಿತು. ಆಮೇಲೆ ಕೊಲೆಯ ಮೇಲೆ ಕೊಲೆ.

ಆಟ ನೋಡುವವರಿಗೆ ಇದು ಹೊರಗಿನ ಕಥೆ ಅನಿಸುವುದೇ ಇಲ್ಲ. ಅಶರೀರವಾಣಿ ಕೇಳಿ ತಂಗಿಯ ಕೂಸುಗಳನ್ನು ಕೊಂದ ಕಂಸ ನಮಗೆ ಚೆನ್ನಾಗಿ ಗೊತ್ತು. ಕೆಟ್ಟ ಕನಸು ಕಂಡು ಅವನು ಬೆಚ್ಚಿಬೀಳುವುದನ್ನೂ ನೋಡಿದ್ದೇವೆ. “ಹೆಣ್ಣಿನ ಹೊಟ್ಟೆಯಲ್ಲಿ ಹುಟ್ಟಿದ ಯಾರೂ ನಿನ್ನನ್ನು ಏನೂ ಮಾಡಲಾರರು, ಬರ್ನಂ ಕಾಡು ನಿನ್ನ ಬೆಟ್ಟ ಹತ್ತುವ ತನಕ ನಿನಗೆ ಸೋಲಿಲ್ಲ” ಎಂಬ ಭರವಸೆ ಮ್ಯಾಕ್‌ಬೆತ್‌ಗೆ ಸಿಗುತ್ತದಲ್ಲ, ಅದು ಹಿರಣ್ಯಕಶಿಪುವಿನ ವರದಂಥದ್ದೇ. ಎಲ್ಲ ಬಾಗಿಲೂ ಮುಚ್ಚಿದೆ ಅಂದುಕೊಂಡವನಿಗೆ ಕಂಬದೊಳಗಿಂದ ಸಾವು ಬರುತ್ತದೆ.

ಇದನ್ನು ರಂಗದ ಮೇಲೆ ಮಾಡಿ ತೋರಿಸಿದವರು ಬಿ.ವಿ. ಕಾರಂತರು. ಬಂಟ್ವಾಳದ ಮಂಚಿಯವರು, ಗುಬ್ಬಿ ಕಂಪನಿಯಲ್ಲಿ ಪಳಗಿದವರು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿದ್ದಾಗ, 1979ರಲ್ಲಿ, ‘ಬರ್ನಂ ವನ’ ಅಂತ ಮ್ಯಾಕ್‌ಬೆತ್ ಆಡಿಸಿದರು. ಕವಿ ರಘುವೀರ ಸಹಾಯ್ ಅವರ ಹಿಂದಿ ಅನುವಾದ, ಯಕ್ಷಗಾನದ ನಡೆ. ಹೆಸರು ನೋಡಿ: ರಾಜನದಲ್ಲ, ಕಾಡಿನದು. ಮನುಷ್ಯ ಹೊಕ್ಕು ದಾರಿ ತಪ್ಪುವ ಆಸೆಯ ಕಾಡು.

ಹಾಗಂತ ಕಿರೀಟ ಕಟ್ಟಿದ ಕೂಡಲೇ ಯಕ್ಷಗಾನವಾಗುವುದಿಲ್ಲ. ಒಂದು ಕಾಲೇಜಿನಲ್ಲಿ ಹ್ಯಾಮ್ಲೆಟ್ ನೋಡಿದೆ. ಗೆಜ್ಜೆ ಇತ್ತು, ಮುಂಡಾಸು ಇತ್ತು. ಮಾತು ಮುಗಿದ ಮೇಲೆ ಕುಣಿತ, ಕುಣಿತ ಮುಗಿದ ಮೇಲೆ ಮಾತು. ಹಾಡಿ ಆಟ ನಡೆಸಬೇಕಾದ ಭಾಗವತರು ಸುಮ್ನೆ ಮೂಲೆಯಲ್ಲಿ ಕೂತಿದ್ದರು. ನನಗೆ ನಿಜಕ್ಕೂ ಸಂಕಟವಾಯಿತು. ಆ ನಾಟಕದಲ್ಲಿ ಹ್ಯಾಮ್ಲೆಟ್ ತನ್ನೊಳಗೇ ಆಡಿಕೊಳ್ಳುವ ಮಾತು ಎಷ್ಟು ಜಾಸ್ತಿ! ಅದನ್ನು ಭಾಗವತರು ಹಾಡಬೇಕಿತ್ತು, ವೇಷಧಾರಿ ಕುಣಿಯಬೇಕಿತ್ತು, ಆಮೇಲೆ ಅರ್ಥ ಹೇಳಬೇಕಿತ್ತು, ಅಂದರೆ ಆ ಹಾಡನ್ನೇ ಮಾತಿನಲ್ಲಿ ಬಿಡಿಸಬೇಕಿತ್ತು. ಮನಸ್ಸು ಒಂದು ಕಡೆ, ಮೈ ಒಂದು ಕಡೆ ಆಗಿರುವವನನ್ನು ತೋರಿಸಲು ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ.

ನಿಜವಾದ ಕಷ್ಟ ಬೇರೆಯೇ ಇದೆ. ಯಕ್ಷಗಾನದಲ್ಲಿ ಮುಖ ನೋಡಿದರೆ ಆಳು ಯಾರೆಂದು ಗೊತ್ತಾಗುತ್ತದೆ. ಬಣ್ಣದ ವೇಷ ಬಂತೆಂದರೆ ರಕ್ಕಸ ಬಂದ. ಮ್ಯಾಕ್‌ಬೆತ್ ಹಾಗಲ್ಲ. ಅವನು ಮೊದಲಿಗೆ ಎಲ್ಲರೂ ಹೊಗಳುವ ವೀರ, ನಮ್ಮ ಕಣ್ಣೆದುರೇ ಕೆಡುತ್ತಾ ಹೋಗುತ್ತಾನೆ. ಅವನಿಗೆ ಯಾವ ವೇಷ? ಮೊದಲೇ ಬಣ್ಣ ಹಾಕಿದರೆ ನಾಟಕವೇ ಇಲ್ಲ. ಕೊನೆಯವರೆಗೂ ರಾಜವೇಷವೇ ಆದರೆ ಯಕ್ಷಗಾನದ ದೊಡ್ಡ ಶಕ್ತಿಯೊಂದು ವೇಷ ಕಟ್ಟುವ ಚೌಕಿಯಲ್ಲೇ ಉಳಿಯುತ್ತದೆ.

ನಾನಾದರೆ ಇಬ್ಬರು ಕಲಾವಿದರನ್ನು ಕೇಳುತ್ತೇನೆ. ಒಂದೇ ಪಾತ್ರವನ್ನು ಒಂದೇ ರಾತ್ರಿ ಇಬ್ಬರು ಮಾಡುವುದು ಮೇಳಗಳಲ್ಲಿ ಹೊಸದಲ್ಲ, ಪ್ರೇಕ್ಷಕರೂ ತಕರಾರು ಮಾಡುವುದಿಲ್ಲ. ಡಂಕನ್‌ನ ಕೊಲೆಯ ತನಕ ರಾಜವೇಷದ ಮ್ಯಾಕ್‌ಬೆತ್. ಅಷ್ಟರಲ್ಲಿ ಚೌಕಿಯಲ್ಲಿ ಇನ್ನೊಬ್ಬರು ಗಂಟೆಗಟ್ಟಲೆ ಕೂತು ಮುಖಕ್ಕೆ ಅಕ್ಕಿಹಿಟ್ಟಿನ ಮುಳ್ಳುಗಳಂಥ ಚುಟ್ಟಿ ಇಟ್ಟುಕೊಂಡಿರುತ್ತಾರೆ, ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಕ್ರಮದಲ್ಲಿ. ಪಟ್ಟವೇರಿದ ಮ್ಯಾಕ್‌ಬೆತ್ ಔತಣಕ್ಕೆ ಬರುವುದು ತೆರೆಯ ಹಿಂದಿನಿಂದ, ಬಣ್ಣದ ವೇಷವಾಗಿ. ಆರ್ಭಟ, ದೊಂದಿ, ರಾಳದ ಬೆಂಕಿ, ತೆರೆಯ ಮೇಲಿಂದ ಇಣುಕುವ ಕಿರೀಟ, ಆಮೇಲೆ ಕಣ್ಣು, ಆಮೇಲೆ ಪೂರ್ತಿ ಮುಖ. ಪ್ರೇಕ್ಷಕರು ಅವನನ್ನೇ ನೋಡುತ್ತಿರುತ್ತಾರೆ. ಅವನು ತೆರೆ ಸರಿಸಿ ತನ್ನ ಆಸನದ ಕಡೆ ತಿರುಗುತ್ತಾನೆ. ಅಲ್ಲಿ ಅವನೇ ಕೊಲ್ಲಿಸಿದ ಗೆಳೆಯ ಬ್ಯಾಂಕೋ ಕೂತಿದ್ದಾನೆ. ಚೆಂಡೆ ಅಲ್ಲಿ ಥಟ್ಟನೆ ನಿಲ್ಲಬೇಕು.